ಕುಣಿಗಲ್ ರಸ್ತೆಯಲ್ಲಿ ಎಳ್ಳು ಬೀರಿದ್ದು

ಸಂಕ್ರಾಂತಿಯ ಬೆಳಿಗ್ಗೆ ಗುಬ್ಬಿಯಲ್ಲಿ ಬಸ್ಸು ಹತ್ತಿದೆ. ಹಬ್ಬ ಒಂದು ನೆಪ. ನಮ್ಮ ಮನೆಯ ಬೀದಿ ಬದಿಯ ರೂಮು ಖಾಲಿಯಾಗಿತ್ತು. ಅಕ್ಕ ದಿನವೂ ಬಂದು ಅಲ್ಲಿ ಮತ್ತೆ ಬ್ಲೌಸ್ ಹೊಲಿಯಬಹುದೇ, ದಾರಿ ಹೇಗಿದೆ ಎಂದು ನೋಡಬೇಕಿತ್ತು. ಭಾವ ಗುಬ್ಬಿಯ ಮನೆ ಮಾರಿ ತುಮಕೂರಿನಾಚೆ, ಕುಣಿಗಲ್ ರಸ್ತೆಯ ಲೇಔಟಿನಲ್ಲಿ ಮನೆ ಕಟ್ಟಿಸಿದ್ದರು. ಅವರಿಗೇನು, ಕಾರಿದೆ, ಹಬ್ಬದ ದಿನವೂ ವಸಂತನರಸಾಪುರದ ಫ್ಯಾಕ್ಟರಿಗೆ ಹೊರಟುಬಿಡುತ್ತಾರೆ. ಅಕ್ಕನಿಗೆ ಸ್ಕೂಟರೂ ಬರುವುದಿಲ್ಲ.

ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ಅಲ್ಲಿಯವರೆಗೆ ಎಲ್ಲ ಸಲೀಸು. ಕುಣಿಗಲ್ ಬಸ್ಸಿನ ಕಂಡಕ್ಟರ್ ಲೇಔಟಿನ ಹೆಸರು ಕೇಳಿ ತಲೆಯಾಡಿಸಿದ. "ಅಲ್ಲಿ ಸ್ಟಾಪಿಲ್ಲ ಕಣಮ್ಮ. ಮುಂದಿನ ಹಳ್ಳೀಲಿ ಇಳ್ಕೊಂಡು ಹಿಂದಕ್ಕೆ ನಡೀರಿ."

ನಡೆದೆ. ಫುಟ್‌ಪಾತ್ ಎಂಬುದೇ ಇಲ್ಲ. ಲಾರಿ ಬಂದಾಗಲೆಲ್ಲ ಚರಂಡಿಯ ಅಂಚಿಗೆ ಸರಿದು ಸೆರಗು ಹಿಡಿದುಕೊಳ್ಳಬೇಕು. ಲೇಔಟಿನ ದೊಡ್ಡ ಬೋರ್ಡಿನಲ್ಲಿ 'ನಗರಕ್ಕೆ ಹತ್ತೇ ನಿಮಿಷ' ಎಂದಿತ್ತು. ನಡೆಯುವವರಿಗೆ ಎಷ್ಟು ಎಂದು ಬರೆದಿರಲಿಲ್ಲ.

"ಬಂದ್ಯಾ? ನಡ್ಕೊಂಡೇ ಬಂದ್ಯೇನೇ?" ಎಂದು ಅಕ್ಕ ಗೇಟಿಗೇ ಓಡಿ ಬಂದಳು. ಒಳಗೆ ಹೊಲಿಗೆ ಮೆಷಿನ್ನಿನ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಮನೆಗಳಲ್ಲಿ ಅಂಗಡಿ ನಡೆಸಬಾರದೆಂದು ಲೇಔಟಿನವರ ಕಟ್ಟುಪಾಡು.

"ಕದ್ದು ಹೊಲಿಯಾನ ಅಂದ್ರೂ ಬಟ್ಟೆ ತಗೊಂಡು ಇಲ್ಲೀಗಂಟ ಯಾರೇ ಬರ್ತಾರೆ?" ಎಂದಳು.

ಗುಬ್ಬಿಯಲ್ಲಿ ಅವಳ ಮೆಷಿನ್ನು ಜಗಲಿಯ ಮೇಲೇ ಇತ್ತು. ಹೂವಿಗೆ ಬಂದವರು, ಗಿರಣಿಗೆ ಬಂದವರು ನಿಂತು ಹರಟಿ, ಅಳತೆ ಕೊಟ್ಟು ಹೋಗುತ್ತಿದ್ದರು.

ಅಡುಗೆಮನೆ ನೋಡಿ ದಂಗಾದೆ. ಕೈಗೆ ಕೂತ ಹಳೇ ಅಳತೆಯಲ್ಲಿ ಗುಬ್ಬಿಯ ಇಡೀ ಬೀದಿಗಾಗುವಷ್ಟು ಎಳ್ಳು ಬೆಲ್ಲ ಬೆರೆಸಿಟ್ಟಿದ್ದಳು. ಅವರೆಕಾಳಿನ ಸಾರು ಉಂಡು, ಪೊಟ್ಟಣಗಳನ್ನು ಹಿಡಿದು ಇಬ್ಬರೂ ಬೀರಲು ಹೊರಟೆವು. ಬಿಸಿಲು ಚುರುಗುಟ್ಟುತ್ತಿತ್ತು. ಸೈಟು ಕಲ್ಲುಗಳು, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಮನೆ. ಹೆಚ್ಚಿನವಕ್ಕೆ ಬೀಗ. ಒಂದು ಕಡೆ ನಾಯಿ ಬೊಗಳಿತು, ಯಾರೂ ಬರಲಿಲ್ಲ. ಇನ್ನೊಂದು ಕಡೆ ಒಳಗಿನಿಂದಲೇ ದನಿ: "ಅಲ್ಲೇ ಇಟ್ಟು ಹೋಗಿ ಆಂಟಿ." ಅಕ್ಕ ಪೊಟ್ಟಣವನ್ನು ಕಾಂಪೌಂಡಿನ ಮೇಲಿಟ್ಟಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಲ್ಲೇ ರೂಮಿನ ವಿಷಯ ಹೇಳಿದೆ. ಅವಳ ಮುಖ ಅರಳಿತು. "ನಾಳೆಯಿಂದ್ಲೇ ಬರ್ತೀನಿ ಕಣೇ. ನಡಿ, ಬಸ್ಸೆಲ್ಲಿ ಸಿಗ್ತದೆ ನೋಡವ." ಉಳಿದ ಪೊಟ್ಟಣಗಳನ್ನೆಲ್ಲ ನನ್ನ ಬ್ಯಾಗಿಗೆ ತುಂಬಿದಳು. "ಈ ಸಲ ನಮ್ಮ ಬೀದಿಗೆಲ್ಲ ನೀನೇ ಬೀರಿಬುಡು."

ನಾನು ಇಳಿದಿದ್ದ ಹಳ್ಳಿಯವರೆಗೆ ನಡೆದೆವು. ತುಮಕೂರಿನ ಬಸ್ಸು ಅಲ್ಲಿ ರಸ್ತೆಯ ಆಚೆ ಬದಿಗೆ ನಿಲ್ಲುತ್ತದೆ. ನಡುವೆ ಸೊಂಟದೆತ್ತರದ ಡಿವೈಡರ್. ಹಳ್ಳಿಯವರು ಹತ್ತಿ ಹತ್ತಿ ಒಂದು ಕಡೆ ಸವೆದಿತ್ತು. ನಾನು ಸೀರೆ ಎತ್ತಿ ಕಟ್ಟಿ ಅಲ್ಲೇ ಹತ್ತಿಳಿದೆ. ಅಕ್ಕ ಒಂದು ಕಾಲನ್ನು ಮೇಲಿಟ್ಟಳು, ಮಂಡಿ ಮಡಚಲಿಲ್ಲ. ಅವಳ ಬೆನ್ನ ಹಿಂದೆಯೇ ಟ್ಯಾಂಕರೊಂದು ಹಾರ್ನ್ ಹೊಡೆದು ಹಾದುಹೋಯಿತು. ಅವಳು ಕಾಲು ಇಳಿಸಿ ಹಿಂದಕ್ಕೆ ಓಡಿ ರಸ್ತೆಯಂಚಿಗೆ ನಿಂತಳು.

ಬಸ್ಸು ಬಂತು. ಹತ್ತಿ, ಅಕ್ಕನ ಕಡೆಯ ಕಿಟಕಿಯಿಂದ ಬಗ್ಗಿ ನೋಡಿದೆ.

"ಆ ರೂಮು ಬೇರೇವ್ರಿಗೆ ಕೊಟ್ಬುಡೇ!" ಎಂದು ಕೂಗುತ್ತಿದ್ದಳು.

ಕೇಳಿಸಲಿಲ್ಲವೆಂಬಂತೆ ಕಿವಿಗೆ ಕೈಯಿಟ್ಟೆ. ಅಕ್ಕ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಇನ್ನೂ ಜೋರಾಗಿ ಅದನ್ನೇ ಕೂಗಿದಳು.