ಗಾಳಿ ನಿಂತ ಊರಿನ ಕೊನೆಯ ಹಾಳೆ

ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ಬಸ್ಸಿನಲ್ಲಿ, ಕಿಟಕಿಯ ಬಿಸಿಲಿಗೆ ನಾನು ಓದುತ್ತಿದ್ದ ಕಾದಂಬರಿಯ ಅಂಟು ಕರಗಿ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಹವಾಮಾನ ಕೆಟ್ಟು, ಗಾಳಿಯೇ ನಿಂತುಹೋದ ಮುಂದಿನ ಕಾಲದ ಊರೊಂದರ ಕಥೆ ಅದು. ಬೈಂಡು ಮಾಡಿದವನನ್ನು ನಾನು ಬೈಯುತ್ತಿದ್ದರೆ ಪಕ್ಕದವರು ಕೈಚಾಚಿದರು: "ನೀವು ಓದಿದ್ದು ಇತ್ತ ಕೊಡ್ರಿ ಸರ್."

ಇಲ್ಲಿಯ ಬಸ್ಸುಗಳಲ್ಲಿ ಪತ್ರಿಕೆಯನ್ನು ಯಾರೂ ಒಬ್ಬರೇ ಓದುವುದಿಲ್ಲ, ಹಾಳೆ ಹಾಳೆಯಾಗಿ ಹಂಚಿಕೊಳ್ಳುತ್ತಾರೆ. ನನ್ನ ಕಾದಂಬರಿಗೂ ಅದೇ ಗತಿಯಾಯಿತು. ಒಬ್ಬರು ಓದಿ ಹಿಂದಿನವರಿಗೆ ದಾಟಿಸಿದರು. ಟಿಕೆಟ್ ಕೊಡುವುದು ಮುಗಿದ ಮೇಲೆ ಕಂಡಕ್ಟರೂ ನಿಂತೇ ಓದತೊಡಗಿದರು. ಈ ಗಡಿಬಿಡಿಯಲ್ಲಿ ನಾನಿನ್ನೂ ಓದದ ಹಾಳೆಗಳೂ ಕೈಬಿಟ್ಟು ಹೋದವು. ಕುರುಗೋಡು ಹತ್ತಿರವಾಗುವಷ್ಟರಲ್ಲಿ ಎಲ್ಲವೂ ವಾಪಸ್ ಬಂದವು, ಕೊನೆಯದೊಂದನ್ನು ಬಿಟ್ಟು.

ನನಗಿಂತ ಮೊದಲು ಕಂಡಕ್ಟರ್ ಕೂಗಿದರು: "ಕೊನೀ ಹಾಳಿ ಯಾರ ಹತ್ರ ಐತ್ರಿ? ಆ ಊರಿಗೆ ಗಾಳಿ ಬಂತೋ ಇಲ್ಲೋ?"

ಹಿಂದಿನ ಸೀಟಿನ ಅಜ್ಜಿಯೊಬ್ಬರು ಆ ಹಾಳೆಯಿಂದಲೇ ಮುಖಕ್ಕೆ ಬೀಸಿಕೊಳ್ಳುತ್ತಿದ್ದರು. ಕೈ ನಿಲ್ಲಿಸದೆಯೇ ಅಂದರು: "ಬರಾಕತ್ತೈತಿ ತಮ್ಮಾ, ತಣ್ಣಗ ಬರಾಕತ್ತೈತಿ."