ನಮ್ಮೂರವನು ತಂದ ಲಿಂಬು ಶರಬತ್ತು

ಗೋಕಾಕದ ಆಚೆ ಹೊಳೆ ದಂಡೆಯ ರೆಸಾರ್ಟಿನಲ್ಲಿ ವೇಟರ್ ಆಗಿದ್ದ ಆತ ನಮ್ಮ ಕೊಣ್ಣೂರಿನವನೇ. ಬಾಟಲಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದ. ಊರಿನವರು ಕಂಡರೆ ಮುಖ ಅರಳುತ್ತಿತ್ತು. "ನೀವು ನಮ್ಮವ್ರು ಬಿಡ್ರಿ" ಎನ್ನುತ್ತ ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಹುಕ್ಕೇರಿಯ ಗೆಳೆಯನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗೆಳೆಯನಿಗೆ ವಿಸ್ಕಿ ಸುರಿದ ವೇಟರ್, ನನ್ನ ಗ್ಲಾಸನ್ನು ಬೋರಲು ಹಾಕಿದ.

"ಕಾಕಾ, ನಿಮಗ ಬ್ಯಾಡ್ರಿ. ಲಿಂಬು ಶರಬತ್ ತರ್ತೇನಿ."

"ಯಾಕಪಾ, ನಾ ಕುಡಿಯೂದಿಲ್ಲೇನು?"

"ನೀವು ನಮ್ಮವ್ರು ಬಿಡ್ರಿ" ಎಂದ. ಈ ಸಲ ಮುಖ ಅರಳಲಿಲ್ಲ. ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ. ಗೆಳೆಯ ನಗುತ್ತ ಇನ್ನೊಂದು ಪೆಗ್ ತರಿಸಿದ.

ಮರುದಿನ ಗೆಳೆಯನ ಕಣ್ಣ ಮುಂದೆ ಬರೀ ಬಿಳಿ ಮಂಜು. ಅವನು ಕುಡಿದದ್ದು ವಿಸ್ಕಿಯಲ್ಲ, ಬಣ್ಣ ಹಾಕಿದ ವಿಷದ ಸ್ಪಿರಿಟ್ಟು ಎಂದರು ಡಾಕ್ಟರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ರೆಸಾರ್ಟಿಗೆ ಬೀಗ ಬಿತ್ತು. ಆ ವೇಟರ್ ಈಗ ಕೊಣ್ಣೂರಿನ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಾನೆ. ನನ್ನನ್ನು ಕಂಡರೆ ತಕ್ಕಡಿ ಕೆಳಗಿಟ್ಟು ತಲೆ ತಗ್ಗಿಸುತ್ತಾನೆ. ನಾನೂ ತಗ್ಗಿಸುತ್ತೇನೆ. ಅವನನ್ನು ಬೈಯಬೇಕೆಂದರೆ ಬಾಯಿ ಬರುವುದಿಲ್ಲ. ನನ್ನ ಕಣ್ಣು ಅವನು ಉಳಿಸಿಕೊಟ್ಟದ್ದು.

ಮೊನ್ನೆ ಹುಕ್ಕೇರಿಗೆ ಹೋಗಿದ್ದೆ. ಗೆಳೆಯ ಚಹಾದ ಕಪ್ಪಿಗಾಗಿ ತಡಕಾಡುತ್ತ ಕೇಳಿದ: "ಖರೆ ಹೇಳು. ಅವತ್ತ ಅಂವ ನಿನಗ ಯಾಕ ಕೊಡಲಿಲ್ಲ?"

ನಾನು ಕಪ್ಪನ್ನು ಅವನ ಕೈಗಿಟ್ಟೆ.

"ಬಿಸಿ ಐತಿ," ಎಂದೆ, "ಸಾವಕಾಶ ಕುಡಿ."