ಪಿಯೊನಿ ಸೆಂಟೂ ಪುತ್ತೂರಿನ ಮರ್ಯಾದೆಯೂ

ಕಳೆದ ಭಾನುವಾರ ಬೆಳಿಗ್ಗೆ ಪುತ್ತೂರಿನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಭಾವಮೈದುನ ಶಂಕರ ತನ್ನ ಅಕ್ಕನ, ಅಂದರೆ ನನ್ನ ಹೆಂಡತಿ ಪರಮೇಶ್ವರಿಯ, ಮುಂಗೈ ಮೂಸಿ ನೋಡಿದ. ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಮೂಸಿದ.

“ಅಕ್ಕ, ಇದರಲ್ಲಿ ಸುರಗಿ ಹೂ ಎಲ್ಲಿಂದ ಬಂತು?”

ಅಷ್ಟೇ ಕೇಳಿದ್ದು. ಆವತ್ತಿನಿಂದ ನಮ್ಮ ಮನೆಯಲ್ಲಿ ನನ್ನ ಕಾಫಿಗೆ ಸಕ್ಕರೆ ಬೀಳುತ್ತಿಲ್ಲ.

ಏನಾಯಿತೆಂದು ಹೇಳುತ್ತೇನೆ. ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. (ನನ್ನದಲ್ಲ ಎಂದು ಅನ್ನಿಸಿದರೆ ದಯವಿಟ್ಟು ಒಂದು ಕಾರ್ಡು ಹಾಕಿ. ಮನೆಯಲ್ಲಿ ತೋರಿಸಬೇಕಾಗಿದೆ.)

ಶಂಕರ ಹಡಗಿನಲ್ಲಿ ಅಡಿಗೆಯವನು. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಪರಮೇಶ್ವರಿ. ಅವನು ಬೊಂಬಾಯಿಗೆ ಹೋಗಿ ಹಡಗು ಹತ್ತಿ ಐದು ವರ್ಷವಾಗಿತ್ತು. ಕಳೆದ ವರ್ಷ ಊರಿಗೆ ಬರುವ ಪರಿಚಯದವರ ಕೈಯಲ್ಲಿ ಅಕ್ಕನಿಗೊಂದು ಪೊಟ್ಟಣ ಕಳಿಸಿದ್ದ. ಒಳಗೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಸೆಂಟಿನ ಬಾಟ್ಲಿ, ಜೊತೆಗೆ ಒಂದು ಚೀಟಿ. “ಅಕ್ಕ, ಒಂದು ಊರಿನಲ್ಲಿ ಹಡಗು ನಿಂತಾಗ ಪೇಟೆಗೆ ಹೋಗಿದ್ದೆ. ಅಂಗಡಿಯವಳು ಇದನ್ನು ನನ್ನ ಕೈಗೆ ಹಚ್ಚಿದಳು. ಎಂತಕ್ಕೋ ಗೊತ್ತಿಲ್ಲ, ನೀನು ಸ್ನಾನ ಮಾಡಿಸಿ ನನ್ನ ತಲೆ ಒರೆಸುತ್ತಿದ್ದದ್ದು ನೆನಪಾಯಿತು. ಹಾಗೆ ತೆಗೆದುಕೊಂಡೆ.”

ಅಕ್ಕನಾದವಳಿಗೆ ಇನ್ನೇನು ಬೇಕು? ಓದಿ ಓದಿ ಚೀಟಿ ಮಡಿಕೆಯಲ್ಲೇ ಹರಿದುಹೋಯಿತು. ಬಾಟ್ಲಿಯನ್ನು ಮಾತ್ರ ಅವಳು ತೆರೆಯಲಿಲ್ಲ. “ಅವನು ಬಂದ ದಿನ ಅವನ ಎದುರೇ ಹಚ್ಚಿಕೊಳ್ಳುದು. ಎಂತ ಪರಿಮಳಕ್ಕೆ ಅವನಿಗೆ ನನ್ನ ನೆನಪಾಯಿತು ಅಂತ ಆವತ್ತೇ ನೋಡುದು” ಎಂದು ಪೆಟ್ಟಿಗೆಯಲ್ಲಿ ರೇಷ್ಮೆಯ ಪಟ್ಟೆ ಸೀರೆಯ ಮಡಿಕೆಯೊಳಗೆ ಇಟ್ಟುಬಿಟ್ಟಳು.

ಲೇಬಲ್ಲಿನ ಮೇಲೆ ಒಂದು ಹೂವಿನ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ‘ಪಿಯೊನಿ’ ಎಂದು ಬರೆದಿತ್ತು. ಪಕ್ಕದ ಮನೆಯ ರತ್ನಕ್ಕ ಕಣ್ಣು ಕಿರಿದು ಮಾಡಿ ನೋಡಿದರು.

“ಇದೆಂತ ಮಾಸ್ಟ್ರೆ, ಕೇಬೇಜಾ?”

ಇಂಗ್ಲಿಷ್ ಕಲಿಸುವ ಮಾಸ್ತರನಿಗೆ ಗೊತ್ತಿಲ್ಲ ಎನ್ನುವ ಹಕ್ಕು ಎಲ್ಲಿದೆ? ಡಿಕ್ಷನರಿ ತೆಗೆದೆ. ಚಳಿ ದೇಶಗಳಲ್ಲಿ ಬೆಳೆಯುವ ದೊಡ್ಡ ಹೂ ಎಂದಷ್ಟೇ ಇತ್ತು. ನಾನೂ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸುತ್ತೇನಾ? “ಹೂಗಳ ರಾಣಿ, ರತ್ನಕ್ಕ! ಇದರ ಪರಿಮಳಕ್ಕೆ ರಾಜರು ಸಿಂಹಾಸನ ಬಿಟ್ಟು ಎದ್ದು ಬರ್ತಿದ್ದರು” ಎಂದುಬಿಟ್ಟೆ.

ಮರುವಾರವೇ ರತ್ನಕ್ಕನ ಮಗಳನ್ನು ನೋಡಲು ಬೆಳ್ಳಾರೆಯಿಂದ ಗಂಡಿನ ಕಡೆಯವರು ಬರುವವರಿದ್ದರು.

“ರಾಜರೇ ಬರ್ತಿದ್ದರಂತೆ, ಬೆಳ್ಳಾರೆಯವರು ಒಪ್ಪದೆ ಇರ್ತಾರಾ? ಒಂದು ಹನಿ ಕೊಡು ಪರಮೇಶ್ವರಿ.”

ಪರಮೇಶ್ವರಿ ನನ್ನ ಮುಖ ನೋಡಿದಳು. ಏನಾದರೂ ನೆಪ ಹೇಳಿ ಎಂದು ಆ ಕಣ್ಣುಗಳು ಬೇಡುತ್ತಿದ್ದವು. ನನಗೆ ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ದೊಡ್ಡ ಮನಸ್ಸಿನವನು ಎನಿಸಿಕೊಳ್ಳುವ ಅವಕಾಶವನ್ನು ಯಾರು ಬಿಡುತ್ತಾರೆ ಮಾರಾಯ್ರೆ? ಅದೂ ಕೈಯಿಂದ ಏನೂ ಖರ್ಚಿಲ್ಲದೆ ಸಿಗುವಾಗ?

“ಕೊಡು ಮಾರಾಯ್ತಿ, ಒಂದು ಹನಿಗೆ ಎಂತ ಆಗ್ತದೆ!”

ತಾನು ತೆರೆಯದೆ ಬಾಟ್ಲಿಯನ್ನೇ ಕೊಟ್ಟಳು. ಹುಡುಗಿ ಹಚ್ಚಿಕೊಂಡಳು. ಸಂಬಂಧ ಕೂಡಿಬಂತು. (ಪರಮೇಶ್ವರಿಗೆ ಮಾತ್ರ ಆವತ್ತೂ ಪರಿಮಳ ಸಿಗಲಿಲ್ಲ. ಅವಳು ರತ್ನಕ್ಕನ ಅಡಿಗೆಮನೆಯಲ್ಲಿ ನೆಂಟರಿಗಾಗಿ ಬಾಳೆಕಾಯಿ ಪೋಡಿ ಕರಿಯುತ್ತಿದ್ದಳು.)

ಮತ್ತೆ ಕೇಳಬೇಕೇ? ಬಾಟ್ಲಿಗೆ ಕೈಗುಣ ಇದೆಯೆಂದು ಸುದ್ದಿಯಾಯಿತು. ಹುಡುಗಿ ನೋಡುವ ದಿನಕ್ಕೆ ನಮ್ಮ ಕಡೆ ಚಿನ್ನದ ಸರ ಎರವಲು ತರುವುದುಂಟಲ್ಲ, ಹಾಗೆ ಈಗ ಸೆಂಟು. ಬೀಗರ ಮೂಲಕ ಬೆಳ್ಳಾರೆಗೆ ಹೋಗಿ ಬಂತು. ಆಮೇಲೆ ಅರಂತೋಡಿಗೆ. ಆಮೇಲೆ ಇಚಿಲಂಪಾಡಿಗೆ. ಕೇಳುವವರು ಅವಳನ್ನು ಕೇಳುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದರು. ನಾನು ಪ್ರತಿ ಸಲವೂ “ಕೊಡು” ಎನ್ನುತ್ತಿದ್ದೆ.

ಹಚ್ಚಿಕೊಂಡವರ ಅನುಭವಗಳೋ! ಬೆಳ್ಳಾರೆಯ ಹುಡುಗಿಗೆ ಎರಡು ವರ್ಷದ ಅರೆತಲೆನೋವು ಬಿಟ್ಟೇಹೋಯಿತಂತೆ. ಅರಂತೋಡಿನ ಗೌಡರ ಮಗಳು ಪರಿಮಳ ಹೋಗದಿರಲೆಂದು ಎರಡು ದಿನ ಕೈಯನ್ನೇ ತೊಳೆಯಲಿಲ್ಲವಂತೆ, ಅನ್ನ ಕಲಸಿ ಕೊಟ್ಟದ್ದು ತಂಗಿಯಂತೆ. ಇಚಿಲಂಪಾಡಿಯಲ್ಲಿ ಮಾತ್ರ ಗಂಡಿನ ತಂದೆ ಮೂಗು ಮುರಿದು, “ಇದೆಂತ, ಹಲ್ಲುನೋವಿನ ಮದ್ದಿನ ವಾಸನೆ?” ಎಂದರಂತೆ. ಫಾರಿನ್ ಸೆಂಟು ಎಂದು ಯಾರೋ ಕಿವಿಯಲ್ಲಿ ಹೇಳಿದರು. “ಹೌದೌದು, ಈಗ ಗೊತ್ತಾಗ್ತದೆ. ಭಾರೀ ಪರಿಮಳ!” ಎಂದು ಅವರೇ ಇಡೀ ಚಾವಡಿಗೆ ಕೇಳುವಂತೆ ಹೊಗಳಿದರಂತೆ. ನಾವು ಮೂಗಿಗಿಂತ ಹೆಚ್ಚು ಕಿವಿಯಿಂದಲೇ ಮೂಸುವ ಜನ.

ಇಷ್ಟೆಲ್ಲ ತಿರುಗಾಡಿ ಬಂದರೂ ಬಾಟ್ಲಿ ಕಂಠದವರೆಗೆ ತುಂಬಿಯೇ ಇತ್ತು! ಪರಮೇಶ್ವರಿಗೆ ಸಂಶಯ ಬಂತು.

“ಮೊದಲು ತಿಳಿಗುಲಾಬಿ ಬಣ್ಣ ಇತ್ತು. ಈಗ ಕಷಾಯದ ಹಾಗೆ ಕಾಣ್ತದಲ್ಲ?”

“ಒಳ್ಳೆ ಸೆಂಟು ಹಾಗೆಯೇ. ಹಳತಾದ ಹಾಗೆ ಹದ ಬರುದು” ಎಂದೆ. ಎಲ್ಲಿ ಓದಿದ್ದೆನೋ ದೇವರಿಗೇ ಗೊತ್ತು. ಅವಳು ನಂಬಿದಳು. ಗಂಡ ಮಾಸ್ತರನಲ್ಲವೇ?

ಹೀಗಿರುವಾಗ ಮೊನ್ನೆ ಶನಿವಾರ ರಾತ್ರಿ ಶಂಕರ ಬಂದ. ಭಾನುವಾರ ಪರಮೇಶ್ವರಿ ಬೆಳಗಾಗುವ ಮೊದಲೇ ಸ್ನಾನ ಮಾಡಿ ಪಟ್ಟೆ ಸೀರೆ ಉಟ್ಟು, ತಮ್ಮನ ಎದುರು ಕುಳಿತು ಬಾಟ್ಲಿ ತೆರೆದಳು. ಮುಂಗೈಗೆ ಎರಡು ಹನಿ ಹಚ್ಚಿ ಅವನ ಮೂಗಿನ ಹತ್ತಿರ ಹಿಡಿದಳು. ಆಗ ಅವನು ಕೇಳಿದ್ದೇ ಆ ಸುರಗಿಯ ಪ್ರಶ್ನೆ.

ಸುರಗಿ ಮಾತ್ರವಲ್ಲ. ಅಡಿಗೆಯವನ ಮೂಗು ನೋಡಿ, ಒಂದೊಂದಾಗಿ ಹೆಕ್ಕಿತು. ಪನ್ನೀರು. ಲವಂಗದ ಎಣ್ಣೆ.

“ನಾನು ಕಳಿಸಿದ್ದು ಇದಲ್ಲ ಅಕ್ಕ.”

ನಾನು ರತ್ನಕ್ಕನ ಮನೆಗೆ ಓಡಿದೆ. ಅವರಿಗೆ ಸಿಟ್ಟೇ ಬಂತು.

“ನೀವೆಂತ ಮಾಸ್ಟ್ರೆ ಹೀಗೆ ಕೇಳುದು? ಎರವಲು ತಂದದ್ದನ್ನು ಖಾಲಿ ಮಾಡಿ ಹಿಂದೆ ಕೊಡ್ಲಿಕ್ಕೆ ಉಂಟಾ? ಮಗಳು ಹಚ್ಚಿದಳು, ಅವಳ ಚಿಕ್ಕಮ್ಮಂದಿರು ಹಚ್ಚಿದರು, ಸ್ವಲ್ಪ ಇಳಿಯಿತು. ಪನ್ನೀರು ತುಂಬಿಸಿಯೇ ಕೊಟ್ಟದ್ದು!”

ಉಳಿದವರನ್ನು ವಾರದ ಸಂತೆಯಲ್ಲಿ ಹಿಡಿದು ಕೇಳಿದೆ. ಬೆಳ್ಳಾರೆಯವರು ಸುರಗಿ ನೆನೆಸಿದ ನೀರು ಹಾಕಿದ್ದರು. ಅರಂತೋಡಿನವರು, ಪರದೇಶದ ವಸ್ತುವಿಗೆ ಸ್ವಲ್ಪ ಖಾರವೂ ಇರಲೆಂದು, ಲವಂಗದ ಎಣ್ಣೆ. ಇಚಿಲಂಪಾಡಿಯವರು ಬಾವಿಯ ನೀರು. ಕಾಯಿಸಿ ಆರಿಸಿದ್ದು, ಎಂದು ಒತ್ತಿ ಹೇಳಿದರು. ಒಬ್ಬರೂ ಕದ್ದವರಲ್ಲ, ಒಬ್ಬರೂ ಮೋಸ ಮಾಡಿದವರಲ್ಲ. ಮರ್ಯಾದಸ್ಥರೇ ಸೇರಿ ಒಂದು ಬಾಟ್ಲಿಯನ್ನು ಮುಗಿಸಿಹಾಕಿದ್ದರು.

ಆ ಭಾನುವಾರ ರತ್ನಕ್ಕನ ಮನೆಯಿಂದ ನಾನು ಹಿಂದೆ ಬರುವಾಗ ಅಕ್ಕ ತಮ್ಮ ಇನ್ನೂ ಹಾಗೆಯೇ ಕುಳಿತಿದ್ದರು.

“ಹಾಗಾದ್ರೆ ಅದು ಹೇಗಿತ್ತು? ಹೇಳು, ನಾನು ತಿಳ್ಕೊಳ್ತೇನೆ” ಎನ್ನುತ್ತಿದ್ದಳು ಅವಳು.

“ಅದು… ಗುಲಾಬಿಯ ಹಾಗೆ. ಅಲ್ಲ, ಗುಲಾಬಿಯಷ್ಟು ಜೋರಿಲ್ಲ. ಮಳೆ ಬಿಟ್ಟ ಮೇಲೆ… ಸೀಗೆ ಹಾಕಿ ತೊಳೆದ ತಲೆ ಅರ್ಧ ಒಣಗಿದಾಗ… ಛೆ, ಹೇಳ್ಲಿಕ್ಕೆ ಬರುದಿಲ್ಲ ಅಕ್ಕ. ಈಗ ನಮ್ಮ ಹಡಗು ಆ ಕಡೆ ಹೋಗುದೂ ಇಲ್ಲ.”

ಅವಳು ಮುಂಗೈಯನ್ನು ಸೆರಗಿನಿಂದ ಒರೆಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಶಂಕರ ಒಳ್ಳೆಯವನು. ಮಾತು ಬದಲಿಸಲು ನೋಡಿದ. “ಆ ಹೂವಿನಿಂದ ಪರಿಮಳ ತೆಗೀಲಿಕ್ಕೇ ಆಗುದಿಲ್ಲವಂತೆ ಭಾವ. ಬೇರೆ ನಾಲ್ಕೈದು ಸೇರಿಸಿ ಆ ಹೂವೇ ಅನ್ನಿಸುವ ಹಾಗೆ ಮಾಡುದಂತೆ. ಅಂಗಡಿಯವಳು ಹೇಳಿದ್ದು.”

ಮುಳುಗುವವನಿಗೆ ಇಷ್ಟು ಸಾಲದೇ? “ನೋಡು ಪರಮೇಶ್ವರಿ! ಅಸಲು ಕೂಡ ಬೆರಕೆಯೇ. ಅವರು ಅಲ್ಲಿ ಬೆರೆಸಿದರು, ನಮ್ಮವರು ಇಲ್ಲಿ ಬೆರೆಸಿದರು. ಎಂತ ವ್ಯತ್ಯಾಸ?”

ವಾದದಲ್ಲಿ ಒಂದು ತಪ್ಪು ತೋರಿಸಿ ನೋಡೋಣ! ಅವಳು ತೋರಿಸಲೂ ಹೋಗಲಿಲ್ಲ. ಮೆಲ್ಲಗೆ ಕೇಳಿದಳು:

“ಊರಿಗೆಲ್ಲ ಕೊಡು ಕೊಡು ಅಂದ್ರಲ್ಲ, ಅದು ನನ್ನದಲ್ವಾ? ನಿಮ್ಮ ಪೆನ್ನು ಯಾರಿಗಾದ್ರೂ ಕೊಟ್ಟದ್ದುಂಟಾ?”

ಓದುಗರೇ, ಫೌಂಟನ್ ಪೆನ್ನಿನ ವಿಷಯ ಬೇರೆ. ಇನ್ನೊಬ್ಬರು ಬರೆದರೆ ನಿಬ್ಬು ಹಾಳಾಗುತ್ತದೆ. ಹೆಡ್ಮಾಸ್ಟರು ಕೇಳಿದಾಗಲೂ ಕೊಟ್ಟವನಲ್ಲ ನಾನು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡು ಒಳಗೆ ಹೋದಳು.

ಈ ವಾರದ ಬರಹ ಪೆನ್ಸಿಲಿನಲ್ಲಿದೆ, ಅಚ್ಚು ಜೋಡಿಸುವವರು ಸುಧಾರಿಸಿಕೊಳ್ಳಬೇಕು. ಬುಧವಾರದಿಂದ, ಪರಮೇಶ್ವರಿ ತೆಗೆದುಕೊಟ್ಟ ನನ್ನ ಪೆನ್ನಿನಲ್ಲಿ ರತ್ನಕ್ಕನ ಗಂಡ ಅಡಿಕೆ ಗೋಣಿಗಳ ಮೇಲೆ ಹೆಸರು ಬರೆಯುತ್ತಿದ್ದಾರೆ. ಕೆಲಸ ಮುಗಿದ ಕೂಡಲೇ ಶಾಯಿ ತುಂಬಿಸಿಯೇ ಕೊಡುತ್ತಾರಂತೆ.